ವಾಲ್ವ್ ಬಿಚ್ಚಿ ನೋಡಿದ ಶನಿವಾರ

ಮನೆಯಲ್ಲಿ ಮಾಡಿದ ಬಿಯರ್ ಹುಳಿಯಾದರೆ ಎಲ್ಲರೂ ಮೊದಲು ಯೀಸ್ಟನ್ನು ಬೈಯುತ್ತಾರೆ, ಆಮೇಲೆ ನೀರನ್ನು. ಪಾತ್ರೆಯ ಬುಡದಲ್ಲಿರುವ ಬಾಲ್ ವಾಲ್ವ್ (ಒಳಗೆ ತೂತಿರುವ ಗುಂಡನ್ನು ತಿರುಗಿಸಿ ತೆರೆಯುವ ನಲ್ಲಿ) ಕಡೆ ಯಾರೂ ನೋಡುವುದಿಲ್ಲ. ಆರೆಗನ್ನಿನ ಹಿಲ್ಸ್‌ಬೊರೊದಲ್ಲಿ ಗೆಳೆಯನ ಗ್ಯಾರೇಜಿನಲ್ಲಿ ಒಂದು ಶನಿವಾರ ಪೂರ್ತಿ ನಾವು ಅದನ್ನೇ ನೋಡಿದೆವು. (ಊರಿನವರು ಕೇಳುತ್ತಾರೆ, ಅದಕ್ಕೇ ಹೇಳಿಬಿಡುತ್ತೇನೆ: ಅಮೆರಿಕದಲ್ಲಿ 1979ರಿಂದ ಫೆಡರಲ್ ಕಾನೂನು ಮನೆಯಲ್ಲಿ ಬಿಯರ್ ಮಾಡಲು ಒಪ್ಪಿದೆ. ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್. ಮಾರುವ ಹಾಗಿಲ್ಲ.)

ಅವನು ಯೀಸ್ಟ್ ಬದಲಾಯಿಸಿದ್ದ, ಪಾತ್ರೆ ಉಜ್ಜಿ ಉಜ್ಜಿ ತೊಳೆದಿದ್ದ, ಆದರೂ ಅದೇ ಹುಳಿ. ವಾಲ್ವ್ ಬಿಚ್ಚೋಣ ಅಂದೆ. "ಇದು ಬಿಚ್ಚೋಕೆ ಬರಲ್ಲ ಕಣೋ" ಅಂದ. ತೊಂದರೆ ಇದ್ದದ್ದೇ ಅಲ್ಲಿ. ಅದು ಟೂ ಪೀಸ್ ವಾಲ್ವ್, ಒಂದು ಕಡೆಯ ತುಂಡನ್ನು ಕಂಪನಿಯಲ್ಲೇ ಬಿಗಿದು ಕಳಿಸಿರುತ್ತಾರೆ. ವೈಸ್‌ಗೆ ಹಾಕಿ ಪೈಪ್ ವ್ರೆಂಚ್ ಹಿಡಿದು ಬಲವಂತವಾಗಿ ತಿರುಗಿಸಿದಾಗ ಒಳಗಿನ ಗುಂಡಿನ ಸುತ್ತ ಕಂದು ಬಣ್ಣದ ಅಂಟು ಕಂಡಿತು, ವಾಸನೆಯೂ ಬಂತು. ವಾಲ್ವ್ ಮುಚ್ಚಿದಾಗ ಗುಂಡಿನ ತೂತಿನಲ್ಲಿ ಸ್ವಲ್ಪ ದ್ರವ ನಿಲ್ಲುತ್ತದೆ, ತಿರುಗಿಸಿದಾಗ ಅದು ಗುಂಡಿಗೂ ಹೊರಗಿನ ಕವಚಕ್ಕೂ ನಡುವಿನ ಸಂದಿಗೆ ಸೇರುತ್ತದೆ, ಅಲ್ಲಿಗೆ ಯಾವ ಬ್ರಷ್ಷೂ ಹೋಗುವುದಿಲ್ಲ. ಬಿಯರ್ ಆಗುವ ಸಿಹಿ ಮಾಲ್ಟ್ ನೀರು (ಮೊಳಕೆ ಬಾರ್ಲಿಯ ರಸ) ಅಲ್ಲಿ ಕೂತರೆ ಬ್ಯಾಕ್ಟೀರಿಯಾಕ್ಕೆ ಹಬ್ಬ, ಅಲ್ವಾ?

ಬೇಕಾದದ್ದು ತ್ರೀ ಪೀಸ್. ನಾಲ್ಕು ಬೋಲ್ಟ್ ತೆಗೆದರೆ ನಡುವಿನ ಭಾಗ ಕೈಗೆ ಬರುತ್ತದೆ, ಗುಂಡು, ಅದು ಕೂರುವ ಎರಡು ಟೆಫ್ಲಾನ್ ಸೀಟು ಎಲ್ಲ ಹೊರಗೆ. ದುಡ್ಡು ಜಾಸ್ತಿ, ಆದರೆ ಬಿಯರ್ ಹುದುಗುವ ಪಾತ್ರೆಗೆ ನಾನು ಬೇರೆಯದನ್ನು ಹಾಕಲು ಬಿಡುವುದಿಲ್ಲ. ಹಿತ್ತಾಳೆಯದೂ ಬೇಡ. ಸಾಮಾನ್ಯ ಹಿತ್ತಾಳೆಯಲ್ಲಿ ಸ್ವಲ್ಪ ಸೀಸ ಇರುತ್ತದೆ, ಬಿಯರ್ ಹುಳಿ ಗುಣದ್ದು, ವಾರಗಟ್ಟಲೆ ಅದರ ಜೊತೆ ಇರುತ್ತದೆ.

ಗೆಳೆಯನಿಗೆ ನೆನಪಾಯಿತು. ಅವನ ಭಾವ ಬೆಂಗಳೂರಿನಿಂದ ಬರುವಾಗ ಪೀಣ್ಯದಲ್ಲಿ ಕೊಂಡ ಅರ್ಧ ಇಂಚಿನ ತ್ರೀ ಪೀಸ್ ವಾಲ್ವ್ ಒಂದನ್ನು ತಂದುಕೊಟ್ಟಿದ್ದರು. ತೆಗೆದು ನೋಡಿದೆ. ಮೈಮೇಲೆ ಸಿಎಫ್‌8ಎಂ ಅಂತ ಅಚ್ಚಿತ್ತು, ಅಂದರೆ 316 ಅನ್ನುವ ಸ್ಟೇನ್‌ಲೆಸ್ ಸ್ಟೀಲಿನ ಎರಕದ ರೂಪ. ಹ್ಯಾಂಡಲ್ ನುಣ್ಣಗೆ ತಿರುಗುತ್ತಿತ್ತು. ಒಳ್ಳೆಯ ಮಾಲು, ಅನುಮಾನವೇ ಇಲ್ಲ. ಜೋಡಿಸಲು ಹೋದರೆ ಒಂದೆರಡು ಸುತ್ತು ಸಲೀಸಾಗಿ ಹೋಗಿ ಗಕ್ಕನೆ ನಿಂತಿತು. ನೀರು ತುಂಬಿದರೆ ತೊಟ್ಟಿಕ್ಕುತ್ತದೆ.

"ಇನ್ನೊಂದೆರಡು ಸುತ್ತು ಟೇಪ್ ಸುತ್ತೋಣ" ಅಂದ. ನಾನು ಬೇಡ ಅಂದೆ. ನಮ್ಮ ದೇಶದ ಪೈಪುಗಳದ್ದು ಬಿಎಸ್‌ಪಿ ಥ್ರೆಡ್ (ತಿರುಪಿನ ಹಲ್ಲಿನ ಒಂದು ಅಳತೆ ಪದ್ಧತಿ), ಇಲ್ಲಿಯದು ಬೇರೆ ಪದ್ಧತಿಯ ಎನ್‌ಪಿಟಿ. ಅರ್ಧ ಇಂಚಿನಲ್ಲಿ ಎರಡಕ್ಕೂ ಇಂಚಿಗೆ 14 ಥ್ರೆಡ್ಡೇ, ಅದಕ್ಕೇ ಕೂರುವ ಹಾಗೆ ಕಾಣುತ್ತದೆ. ಆದರೆ ಹಲ್ಲಿನ ಕೋನ ಬೇರೆ, ಅಲ್ಲಿ 55 ಡಿಗ್ರಿ, ಇಲ್ಲಿ 60. ಟೇಪ್ ತುಂಬಿ ಸೋರಿಕೆ ನಿಲ್ಲಿಸಿದರೂ ಆ ಸಂದಿಯಲ್ಲಿ ಮತ್ತೆ ಅದೇ ಕೊಳೆ ಕೂರುತ್ತದೆ. ಬರೀ ಸ್ಟೀಲ್ ನೋಡಿ ಗುಣಮಟ್ಟ ಅನ್ನಬಾರದು, ಜೊತೆಯಲ್ಲಿ ಕೂರುವ ಫಿಟ್ಟಿಂಗಿಗೆ ಹೊಂದಬೇಕು. ಆ ವಾಲ್ವ್ ತುಮಕೂರಿನ ಅವನ ಮನೆಯ ಟ್ಯಾಂಕಿಗೆ ಹೋಗಲಿ ಅಂತ ತೀರ್ಮಾನವಾಯಿತು.

ಅಂಗಡಿಗೆ ಹೋಗಿ 304 ಸ್ಟೀಲಿನ ಎನ್‌ಪಿಟಿ ತ್ರೀ ಪೀಸ್ ತಂದೆವು. ಬೋಲ್ಟುಗಳನ್ನು ಒಂದೊಂದಾಗಿ ಪೂರ್ತಿ ಬಿಗಿಯದೆ, ಎದುರುಬದುರಾಗಿ ಸ್ವಲ್ಪ ಸ್ವಲ್ಪ ಬಿಗಿದೆವು. ಸ್ಯಾನಿಟೈಸರಿನಲ್ಲಿ ನೆನೆಸುವಾಗ ಹ್ಯಾಂಡಲ್ ಅರ್ಧ ತೆರೆದಿಡಬೇಕು, ಆಗಲೇ ಗುಂಡಿನ ಸುತ್ತಲೂ ದ್ರವ ಹೋಗುವುದು. ನೀರು ತುಂಬಿ, ಕೆಳಗೆ ಒಣ ಪೇಪರ್ ಟವಲ್ ಹಾಸಿ ರಾತ್ರಿಯಿಡೀ ಬಿಟ್ಟೆವು. ಬೆಳಿಗ್ಗೆಯೂ ಒಣಗಿಯೇ ಇತ್ತು.

ಹುದುಗಿಸುವ ಮೊದಲು ಮಾಲ್ಟ್ ನೀರು ಕುದಿಸುವ ಪಾತ್ರೆಗೆ ಮಾತ್ರ ಹಳೆಯ ಟೂ ಪೀಸೇ ಸದ್ಯಕ್ಕೆ ಸಾಕು ಅಂದೆ. ಕುದಿ ಮುಗಿಯುವ ಮುನ್ನ ವಾಲ್ವ್ ತೆರೆದು ಒಂದು ಜಗ್ ಕುದಿಯುವ ದ್ರವ ಹಿಡಿದು ವಾಪಸ್ ಪಾತ್ರೆಗೇ ಸುರಿಯಬೇಕು. ಇಲ್ಲದಿದ್ದರೆ ವಾಲ್ವಿನೊಳಗೆ ನಿಂತದ್ದು ಸರಿಯಾಗಿ ಕುದಿಯುವುದೇ ಇಲ್ಲ.