ಹೊಸ್ತಿಲ ಮುಂದಿನ ಸಾಲು ಕೊನೆಗೂ ಕೂತಿತು

ಕೂತಿತು! ಹೊಸ್ತಿಲಿಗೆ ತಾಗಿದ ಸಾಲಿನ ಕೊನೆಯ ಕಲ್ಲು ಇವತ್ತು ಸಂಜೆ ಗಾರೆಯ ಮೇಲೆ ಕೂತಿತು. ಮಟ್ಟಗೋಲನ್ನು ಹೊಸ್ತಿಲಿನಿಂದ ಒಳಕ್ಕೆ ಎಳೆದು ನೋಡಿದೆ, ಎಲ್ಲೂ ತಡೆಯಲಿಲ್ಲ. ಚರ್ಚಿನ ಸವೆದ ಹಾಸುಗಲ್ಲು ಬದಲಿಸುವ ಈ ಕೆಲಸದಲ್ಲಿ ಕಲ್ಲಿಗೆ ಸಂಖ್ಯೆ ಬರೆಯುವುದು, ಫೋಟೊ ತೆಗೆಯುವುದು, ಎಬ್ಬಿಸುವುದು, ಹಳೆ ಗಾರೆ ಕೆರೆಯುವುದು ಎಲ್ಲ ನಿಮಗೆ ಗೊತ್ತಿರುವ ಸಂಗತಿ. ಅದನ್ನೆಲ್ಲ ಬಿಟ್ಟು ಈ ಒಂದು ಸಾಲಿನ ಬಗ್ಗೆಯಷ್ಟೇ ಬರೆಯುತ್ತೇನೆ. ಇಡೀ ನಡುಹಾದಿ ತೆಗೆದುಕೊಂಡಷ್ಟೇ ಶ್ರಮವನ್ನು ಇದೊಂದು ಸಾಲು ತೆಗೆದುಕೊಂಡಿದೆ.

ಬಾಗಿಲು ಮುಚ್ಚುವಂತಿಲ್ಲ ಎಂಬುದು ಆರಂಭದಲ್ಲೇ ಆದ ಮಾತು. ಭಾನುವಾರದ ಪೂಜೆ, ವಾರದ ನಡುವಿನ ಪ್ರಾರ್ಥನೆ, ಮದುವೆ ಇವೆಲ್ಲ ಕ್ಯಾಲೆಂಡರಿನಲ್ಲಿ ಇರುತ್ತವೆ, ಹೊಂದಿಸಿಕೊಳ್ಳಬಹುದು. ಸಾವು ಹೇಳಿ ಬರುವುದಿಲ್ಲ. ಯಾವ ಸಂಜೆಯಾದರೂ ಫಾದರ್ ಬಂದು "ನಾಳೆ ಬೆಳಿಗ್ಗೆ ಒಂದು ಅಂತ್ಯಸಂಸ್ಕಾರ ಇದೆ, ದಾರಿ ಬೇಕು" ಅಂದರೆ ದಾರಿ ಇರಲೇಬೇಕು. ಶವಪೆಟ್ಟಿಗೆ ಹೊತ್ತವರಿಗೆ ತಮ್ಮ ಕಾಲು ಕಾಣುವುದಿಲ್ಲ. ಹೆಗಲ ಮೇಲೆ ಭಾರ, ಎದೆಯಲ್ಲಿ ದುಃಖ ಇಟ್ಟುಕೊಂಡು ಒಟ್ಟಿಗೆ ಹೆಜ್ಜೆ ಹಾಕುವವರಿಗೆ ಒಂದು ಸೆಂಟಿಮೀಟರ್ ಎದ್ದ ಅಂಚೂ ಅಪಾಯವೇ. ಈ ಕೆಲಸಕ್ಕೆ ಕೈಹಾಕಿದಾಗಿನಿಂದ ನೆಲವನ್ನು ನಾನು ಅವರ ಕಾಲಿನ ಲೆಕ್ಕದಲ್ಲೇ ನೋಡುತ್ತಿದ್ದೇನೆ. ಹಾಗಾಗಿ ನಮ್ಮ ತಂಡಕ್ಕೆ ಒಂದೇ ನಿಯಮ: ಸಂಜೆ ಕೆಲಸ ನಿಲ್ಲಿಸಿದ ಅಂಚು ಯಾವುದೋ, ಆ ರಾತ್ರಿಯ ಮಟ್ಟಿಗೆ ಅದು ಮುಗಿದ ನೆಲ. "ನಾಳೆ ಸರಿಮಾಡೋಣ" ಅನ್ನುವ ಅಂಚು ಇರಕೂಡದು.

ಜೆರುಸಲೇಮಿನ ಪವಿತ್ರ ಸಮಾಧಿಯ ಚರ್ಚಿನಲ್ಲಿ 2022ರಲ್ಲಿ ಶುರುವಾದ ನೆಲದ ಕೆಲಸವನ್ನು ನಮ್ಮಂಥ ಹವ್ಯಾಸಿಗಳು ಹಲವರು ಗಮನಿಸುತ್ತ ಬಂದಿದ್ದೇವೆ. ಅಲ್ಲಿ ಒಂದೊಂದೇ ಭಾಗಕ್ಕೆ ಅಡ್ಡಗಟ್ಟಿ, ಉಳಿದದ್ದನ್ನು ಯಾತ್ರಿಕರಿಗೆ ಬಿಟ್ಟು, ಎಬ್ಬಿಸಿದ ಕಲ್ಲಿಗೆ ಗುರುತು ಹಾಕಿ ಮುಂದುವರಿದರು. ಒಳಗಿನ ನಡುಹಾದಿಗೆ ನಾವೂ ಅದೇ ಕ್ರಮ ಹಿಡಿದೆವು, ಚೆನ್ನಾಗಿಯೇ ನಡೆಯಿತು. ಅರ್ಧ ಅಗಲ ಕೆಲಸಕ್ಕೆ, ಅರ್ಧ ಅಗಲ ಜನಕ್ಕೆ. ಬಾಗಿಲಿನ ಹತ್ತಿರ ಬಂದಾಗ ಆ ಲೆಕ್ಕ ಮುರಿದುಬಿತ್ತು. ಮೆಟ್ಟಿಲಿಲ್ಲದೆ ಒಳಬರುವ ದಾರಿ ಅದೊಂದೇ. ಗಾಲಿಕುರ್ಚಿಯೂ ಅಲ್ಲೇ, ಪೆಟ್ಟಿಗೆಯೂ ಅಲ್ಲೇ. ಅಷ್ಟು ಕಿರಿದಾದ ಜಾಗದಲ್ಲಿ ಅಡ್ಡ ಕಟ್ಟುವುದೆಲ್ಲಿ?

ಅದಕ್ಕಿಂತ ದೊಡ್ಡ ತೊಡಕು ಹೊಸ್ತಿಲೇ. ಒಂದೇ ಅಖಂಡ ಕಲ್ಲು, ಬಿರುಕಿಲ್ಲ, ಅಲುಗಾಡುವುದಿಲ್ಲ. ಅದನ್ನು ತೆಗೆಯುವ ಮಾತೇ ಇಲ್ಲ. ಆದರೆ ಸವೆದಿದೆ, ಅದೂ ನಡುವಿನಲ್ಲಲ್ಲ. ಎರಡು ಕದದ ಬಾಗಿಲಾದರೂ ನಿತ್ಯ ತೆರೆಯುವುದು ಬಲಗದ ಒಂದನ್ನೇ. ತಲೆಮಾರುಗಳ ಕಾಲು ಬಲಕ್ಕೇ ಬಿದ್ದು, ಅಲ್ಲಿ ಸುಮಾರು ಒಂದು ಮೀಟರ್ ಅಗಲಕ್ಕೆ 18 ಮಿ.ಮೀ. ಆಳದ ತಗ್ಗಾಗಿದೆ. ಎಡಭಾಗ ಹೊಸದರಂತೆ ನೆಟ್ಟಗಿದೆ. ಈ ಬಾಗಿದ ಅಂಚಿಗೆ ನೇರ ಕಲ್ಲು ತಾಗಿಸಬೇಕು. ಎತ್ತರದಲ್ಲಿ ಕೂರಿಸಿದರೆ ಸರಿಯಾಗಿ ಕಾಲು ಬೀಳುವ ಜಾಗದಲ್ಲೇ 18 ಮಿ.ಮೀ. ಎಡವುಗಲ್ಲು. ತಗ್ಗಿಗೆ ಸರಿಯಾಗಿ ಇಳಿಸಿದರೆ ಎಡಬದಿಯಲ್ಲಿ ಅಷ್ಟೇ ಆಳದ ಗುಂಡಿ, ಮಳೆಗಾಲದಲ್ಲಿ ಕೊಡೆಗಳ ನೀರೆಲ್ಲ ಅಲ್ಲಿ. ಅಮೆರಿಕದ ಎಡಿಎ (ಅಂಗವಿಕಲರ ಹಕ್ಕಿನ ಕಾನೂನು) ಮಾನದಂಡ ನಡೆದಾಡುವ ನೆಲದಲ್ಲಿ ನೇರ ಏರಿಳಿತಕ್ಕೆ ಬಿಡುವುದು ಕಾಲಿಂಚು, ಅಂದರೆ 6 ಮಿ.ಮೀ. ಚಿಲ್ಲರೆ. ನಾವು ನಮಗೆ ಹಾಕಿಕೊಂಡ ಮಿತಿ 3 ಮಿ.ಮೀ.

ಇಲ್ಲಿ ಕಲ್ಲು ಕೊಟ್ಟವರ ಬಗ್ಗೆ ಎರಡು ಮಾತು ಹೇಳದೆ ಇರಲಾರೆ. ಹೆಸರು ಬೇಡ. ಕೇಳಿದ್ದು 50 ಮಿ.ಮೀ. ದಪ್ಪದ ಸುಣ್ಣಕಲ್ಲು, ಗರಗಸದ ಮೈ, ಹೊಳಪು ಬೇಡ. ಬಂದದ್ದರಲ್ಲಿ ಒಂದು ಕಲ್ಲು 42 ಇದ್ದರೆ ಪಕ್ಕದ್ದು 57. ಮೇಲ್ಮೈ ಕನ್ನಡಿಯಂತೆ ಪಾಲಿಶ್. ಕಳಿಸಿದ ಸ್ಯಾಂಪಲ್ ಗಣಿಯ ಯಾವ ಪದರದ್ದೋ, ಸರಕು ಯಾವ ಪದರದ್ದೋ. ಫೋನ್ ಮಾಡಿದರೆ "ನೈಸರ್ಗಿಕ ಕಲ್ಲು ಸಾರ್, ಹಾಗೇ ಇರುತ್ತೆ" ಎಂಬ ಉತ್ತರ. ಕಲ್ಲು ನೈಸರ್ಗಿಕವೇ, ಆದರೆ ಗರಗಸ ಇಟ್ಟದ್ದು ನಿಸರ್ಗವಲ್ಲವಲ್ಲ. ದಪ್ಪದ ವ್ಯತ್ಯಾಸವನ್ನು ಕಲ್ಲಿನಡಿಯ ಗಾರೆಯ ಹಾಸಿನಲ್ಲಿ ನುಂಗಿಸಬಹುದು, ಪ್ರತಿ ಕಲ್ಲಿಗೂ ಬೇರೆ ಆಳ ತೆಗೆಯುವ ದುಡಿಮೆ ನಮ್ಮದು. ಹೊಳಪನ್ನು ಮಾತ್ರ ಬಿಡುವಂತಿಲ್ಲ. ಒದ್ದೆ ನೆಲದ ಮೇಲೆ ಲೋಲಕ ಪರೀಕ್ಷೆಯಲ್ಲಿ (ತೂಗಾಡುವ ರಬ್ಬರ್ ತುಂಡನ್ನು ನೆಲಕ್ಕೆ ಸವರಿ ಹಿಡಿತ ಅಳೆಯುವುದು) 36 ಅಥವಾ ಹೆಚ್ಚು ಬಂದರೆ ಜಾರುವ ಅಪಾಯ ಕಡಿಮೆ ಎಂದು ಲೆಕ್ಕ, 25ಕ್ಕಿಂತ ಕೆಳಗೆ ಬಂದರೆ ಅಪಾಯ ಹೆಚ್ಚು. ಹೊಳಪಿನ ಕಲ್ಲು ನೀರು ಬಿದ್ದಾಗ ಆ ಕೆಳಗಿನ ದಿಕ್ಕಿಗೇ ಜಾರುತ್ತದೆ. ಕೊನೆಗೆ ಹಲ್ಲುಹಲ್ಲು ಮುಖದ ಸುತ್ತಿಗೆ, ಅಂದರೆ ಬುಷ್ ಹ್ಯಾಮರ್ ಹಿಡಿದು ಎಲ್ಲ ಕಲ್ಲುಗಳ ಮೈ ಒರಟು ಮಾಡಿದೆವು. ಆ ಧೂಳಿನ ಕೆಲಸ ಪೂರ್ತಿ ಹೊರಗೆ, ಗಾಳಿಯ ದಿಕ್ಕು ನೋಡಿಕೊಂಡು, ಒಳಗಿನ ಆರ್ಗನ್ನಿಗೆ ಬಟ್ಟೆ ಹೊದಿಸಿ. ಆರ್ಗನ್ ಕೊಳವೆಗೆ ಕಲ್ಲುಧೂಳು ಹೋದರೆ ಗಾಯನ ತಂಡದವರಿಗೆ ಮುಖ ತೋರಿಸುವುದು ಹೇಗೆ?

ಈಗ ಸಾಲಿಗೆ ಬರೋಣ. ಹಳೆಯ ಸಾಲಿನ ಅಳತೆಯಲ್ಲೇ ದೊಡ್ಡ ಚಪ್ಪಡಿಗಳನ್ನು ಮರಳಿನ ಮೇಲೆ ಒಣದಾಗಿ ಇಟ್ಟು ನೋಡಿದಾಗ ಯಾವ ಓರೆಗೂ ಅವು ಹೊಸ್ತಿಲಿಗೆ ಒಗ್ಗಲಿಲ್ಲ. ಒಂದು ಮೂಲೆ ಒತ್ತಿದರೆ ಇನ್ನೊಂದು ಏಳುತ್ತದೆ. ರಸಮಟ್ಟ ಹಿಡಿದು ಗುದ್ದಾಡುವುದನ್ನು ಬಿಟ್ಟು ಕಾಗದದ ಮೇಲೆ ತಗ್ಗನ್ನು ಬರೆದಾಗ ವಿಷಯ ಬಿಡಿಸಿಕೊಂಡಿತು. ತಗ್ಗು ಹೆಚ್ಚುಕಡಿಮೆ ಒಂದೇ ಸಮನಾಗಿ ಬಾಗಿದೆ ಎಂದಿಟ್ಟುಕೊಳ್ಳಿ. 500 ಮಿ.ಮೀ. ಅಗಲದ ನೇರ ಕಲ್ಲನ್ನು ಅದಕ್ಕೆ ಓರೆಯಾಗಿ ತಾಗಿಸಿದರೆ ನಡುವಿನಲ್ಲಿ ಉಳಿಯುವ ವ್ಯತ್ಯಾಸ 4.5 ಮಿ.ಮೀ. ಅದೇ ಕಲ್ಲನ್ನು 250ಕ್ಕೆ ಸೀಳಿದರೆ ವ್ಯತ್ಯಾಸ ಅರ್ಧವಾಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ: 1.1 ಮಿ.ಮೀ. ಅಗಲ ಅರ್ಧ, ತಪ್ಪು ಕಾಲು. ಇದು ತಲೆಗೆ ಹೊಳೆದ ರಾತ್ರಿ ನನಗೆ ಕೂರಲು ಆಗಲಿಲ್ಲ. ಬೆಳಗಾಗುವುದನ್ನೇ ಕಾದು ಚಪ್ಪಡಿಗಳನ್ನು ಉದ್ದಕ್ಕೆ ಸೀಳಿಸಿದೆವು, ನಡೆಯುವ ದಿಕ್ಕಿಗೆ ಉದ್ದವಾಗಿರುವ ಪಟ್ಟಿಕಲ್ಲುಗಳಾಗಿ. ತಗ್ಗಿನ ಒಂದೊಂದು ಮಗ್ಗುಲಿಗೆ ಎರಡೆರಡು ಪಟ್ಟಿ, ಪ್ರತಿಯೊಂದಕ್ಕೂ ಅದರದೇ ಓರೆ.

ಹೊಸ್ತಿಲ ಕಡೆಯ ಅಂಚು ಹೀಗೆ ಬಗೆಹರಿಯಿತು. ಒಳಗಿನ ಕಡೆಯ ಅಂಚು ಉಳಿಯಿತು. ತಗ್ಗನ್ನು ಒಳಕ್ಕೆ ಹೋದಂತೆ ಮೆಲ್ಲಗೆ ಕರಗಿಸಬೇಕು: ಹೊಸ್ತಿಲಲ್ಲಿ 18, ಈ ಸಾಲಿನ ಒಳ ಅಂಚಿನಲ್ಲಿ 12, ಮುಂದಿನ ಸಾಲಿನ ಕೊನೆಗೆ 6, ಅದರ ಮುಂದೆ ಸಮತಟ್ಟು. ಹೀಗಾದರೆ ಒಳಗೆ ಬಿದ್ದ ನೀರೂ ಹೊಸ್ತಿಲ ಕಡೆಗೇ ಹರಿದು ಹೊರಗೆ ಹೋಗುತ್ತದೆ, ವಾಟ ತಾನಾಗಿಯೇ ಸಿಗುತ್ತದೆ. ಆದರೆ ಪಟ್ಟಿಯ ಒಂದು ತುದಿಗೆ ಹೆಚ್ಚು ಓರೆ, ಇನ್ನೊಂದು ತುದಿಗೆ ಕಡಿಮೆ ಓರೆ ಬೇಕೆಂದರೆ ಕಲ್ಲು ತಿರುಚಬೇಕು, ಕಲ್ಲು ತಿರುಚುವುದಿಲ್ಲ. ಬದಿಯ ಪಟ್ಟಿಯಲ್ಲಿ ಒಂದು ತುದಿಯ ಇಳಿತ 13.5, ಇನ್ನೊಂದರದ್ದು 9. ಮೂರು ಮೂಲೆ ಸರಿ ಕೂರಿಸಿದರೆ ನಾಲ್ಕನೆಯದು 4.5 ಮಿ.ಮೀ. ತಪ್ಪುತ್ತದೆ. ಇದಕ್ಕೆ ಮದ್ದು, ಮೂರನ್ನು ಸರಿಮಾಡುವ ಆಸೆ ಬಿಡುವುದು. ತಪ್ಪನ್ನು ನಾಲ್ಕು ಮೂಲೆಗೂ ಹಂಚಿದರೆ ಒಂದೊಂದಕ್ಕೆ 1.1 ಮಿ.ಮೀ. ಬರುತ್ತದೆ, ಎರಡು ಮೇಲಕ್ಕೆ, ಎರಡು ಕೆಳಕ್ಕೆ. ಪಕ್ಕದ ಪಟ್ಟಿಯ ತಪ್ಪೂ ಸೇರಿದರೂ 3ರೊಳಗೇ ನಿಲ್ಲುತ್ತದೆ. ಕೈಯಲ್ಲಿ ಮುಟ್ಟಿದರೆ ತಿಳಿದೀತು, ಕಾಲಿಗೆ ತಿಳಿಯುವುದಿಲ್ಲ. ಮಟ್ಟವನ್ನು ನೂಲಿನಿಂದ ಅಲ್ಲ, ಪಕ್ಕದ ಕಲ್ಲಿನಿಂದ ತೆಗೆದುಕೊಳ್ಳಬೇಕೆಂದು ಹಳೆಯ ಕಸುಬಿನವರು ಹೇಳುತ್ತಾರಲ್ಲ, ಅದರ ಅರ್ಥ ನನಗೆ ಈ ಸಾಲಿನಲ್ಲಿ ಪೂರ್ತಿಯಾಗಿ ದಕ್ಕಿತು.

ಮುಂದಿನದು ಗಾರೆ. ಬೇಗ ಗಟ್ಟಿಯಾಗುವ ಸಿಮೆಂಟ್ ಹಾಕಿ ಎಂದು ಸಲಹೆ ಕೊಡದವರೇ ಇಲ್ಲ. ರಾತ್ರಿ ಹಾಕಿ ಬೆಳಿಗ್ಗೆ ನಡೆಯಬಹುದು, ನಿಜ. ಆದರೆ ಈ ನೆಲದಡಿ ತೇವ ತಡೆಯುವ ಪದರ ಇಲ್ಲ, ಮಣ್ಣಿನ ತೇವ ಮೇಲೆ ಬರುತ್ತಲೇ ಇರುತ್ತದೆ. ಸುಣ್ಣದ ಸಂದು ಇದ್ದರೆ ಅದು ಸಂದಿನಿಂದ ಆವಿಯಾಗಿ ಹೋಗುತ್ತದೆ. ಬಿಗಿಯಾದ ಸಿಮೆಂಟ್ ಸಂದು ಅದನ್ನು ತಡೆದಾಗ ತೇವ ಮೆದು ಸುಣ್ಣಕಲ್ಲಿನ ಮೂಲಕ ದಾರಿ ಹುಡುಕುತ್ತದೆ. ನೀರು ಆರಿದಲ್ಲಿ ಲವಣ ಹರಳುಗಟ್ಟಿ, ಕಲ್ಲಿನ ಮೇಲ್ಮೈಯನ್ನು ಒಳಗಿನಿಂದ ಒಡೆದು ಪುಡಿ ಮಾಡುತ್ತದೆ. ಪ್ಲಾಸ್ಟಿಕ್ ಹಾಳೆ ಹಾಸಿದರೆ ಅದೇ ತೇವ ಪಕ್ಕಕ್ಕೆ ಸರಿದು ಕಂಬದ ಬುಡ, ಗೋಡೆಯ ಬುಡ ಸೇರುತ್ತದೆ. ಹಿಂದೆ ಯಾರೋ ಸಿಮೆಂಟಿನಲ್ಲಿ ತೇಪೆ ಹಾಕಿದ್ದ ಕಲ್ಲುಗಳನ್ನು ಎಬ್ಬಿಸುವಾಗ ಅವು ಚೂರಾಗಿಯೇ ಬಂದವು. ಸುಣ್ಣದಲ್ಲಿ ಕೂತಿದ್ದವು ಇಡಿಯಾಗಿ ಎದ್ದವು. ನಮ್ಮ ನಂತರವೂ ಒಬ್ಬರು ಈ ನೆಲ ಎಬ್ಬಿಸುತ್ತಾರೆ, ಅವರಿಗೆ ಕಲ್ಲು ಇಡಿಯಾಗಿ ಸಿಗಬೇಕು.

ಹಾಗಾಗಿ ಎನ್‌ಎಚ್‌ಎಲ್ 3.5, ನೀರಿನಲ್ಲಿ ಗಟ್ಟಿಯಾಗುವ ನೈಸರ್ಗಿಕ ಸುಣ್ಣ (ನ್ಯಾಚುರಲ್ ಹೈಡ್ರಾಲಿಕ್ ಲೈಮ್). ನಿಮಗೆ ಗೊತ್ತಿರುವಂತೆ ಆ 3.5 ಎಂಬುದು 28 ದಿನಕ್ಕೆ ಬರಬೇಕಾದ ಕನಿಷ್ಠ ಒತ್ತಡಬಲ, ಚದರ ಮಿ.ಮೀ.ಗೆ ನ್ಯೂಟನ್ ಲೆಕ್ಕದಲ್ಲಿ. ಅಂದರೆ ನಿಧಾನ. ಮೊದಲ ಬಿಗಿ ನೀರಿನಿಂದ, ಉಳಿದದ್ದು ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು. ಇದರಲ್ಲೇ ಇಕ್ಕಟ್ಟು. ಜನ ನಡೆಯಲಿ ಎಂದು ಹಸಿ ಕಲ್ಲಿನ ಮೇಲೆ ಹಲಗೆ ಮುಚ್ಚಿದರೆ ಭಾರ ಅದರ ಮೇಲೇ ಬೀಳುತ್ತದೆ, ಗಾಳಿಯೂ ತಪ್ಪುತ್ತದೆ. ಮುಚ್ಚದಿದ್ದರೆ ದಾರಿಯೇ ಇಲ್ಲ.

ಪಟ್ಟಿಕಲ್ಲು ಇದನ್ನೂ ಬಗೆಹರಿಸಿತು. ಒಂದು ಪಟ್ಟಿಯ ಅಗಲ 250 ಮಿ.ಮೀ. ತಾನೇ? ಇಡೀ ಸಾಲನ್ನು ಮೊದಲು ಬಿಗಿಯಾಗಿ ಬಡಿದ ಮರಳಿನ ಮೇಲೆ ಒಣದಾಗಿ, ಸರಿಯಾದ ಎತ್ತರಕ್ಕೆ ಇಟ್ಟುಬಿಟ್ಟೆವು. ಜನ ಅದರ ಮೇಲೆಯೇ ಓಡಾಡಿದರು. ಆಮೇಲೆ ಒಂದು ಬಿಟ್ಟು ಒಂದರಂತೆ ಪಟ್ಟಿ ಎತ್ತಿ, ಮರಳು ತೆಗೆದು, ಸುಣ್ಣದ ಗಾರೆಯಲ್ಲಿ ಕೂರಿಸಿದೆವು. ಅಕ್ಕಪಕ್ಕದ ಪಟ್ಟಿಗಳು ಗಟ್ಟಿ ಇರುವುದರಿಂದ ಹಸಿ ಪಟ್ಟಿಯ ಮೇಲೆ 6 ಮಿ.ಮೀ. ಉಕ್ಕಿನ ತಗಡು ಸೇತುವೆಯಾಗಿ ದಾಟುತ್ತದೆ. ಅಷ್ಟು ಕಡಿಮೆ ಅಂತರಕ್ಕೆ ಆ ತಗಡು ಜನರ ಭಾರಕ್ಕೆ ಬಾಗುವುದು ತೀರ ಕಡಿಮೆ. ತಗಡಿನಡಿ ಎರಡು ಬದಿಗೆ 3 ಮಿ.ಮೀ. ರಬ್ಬರ್ ಪಟ್ಟಿ ಅಂಟಿಸಿದ್ದರಿಂದ ಅದು ಹಸಿ ಕಲ್ಲನ್ನು ಮುಟ್ಟುವುದಿಲ್ಲ, ಅಡಿಯಲ್ಲಿ ಗಾಳಿಯಾಡುತ್ತದೆ, ಒದ್ದೆ ಗೋಣಿ ತುಣುಕನ್ನೂ ಸಂದಿನ ಮೇಲೆ ತೂರಿಸಬಹುದು. ಒಟ್ಟು ಎತ್ತರ 9 ಮಿ.ಮೀ. 1:12 ಇಳಿಜಾರಿಗೆ 108 ಮಿ.ಮೀ. ಉದ್ದದ ರಬ್ಬರ್ ಅಂಚು ಸಾಕು. ಓರೆಯಾದ ಪಟ್ಟಿಗಳ ಮೇಲೆ ತಗಡು ಕುಂಟದಂತೆ ರಬ್ಬರನ್ನು ಅಲ್ಲಲ್ಲಿ ಕೆತ್ತಿ ಹೊಂದಿಸಬೇಕು, ಅದಕ್ಕೆ ತಾಳ್ಮೆ ಬೇಕು.

ಗಾಲಿಕುರ್ಚಿಯಲ್ಲಿ ಪ್ರತಿ ಭಾನುವಾರ ಬರುವ ಅಮ್ಮ ಒಬ್ಬರಿದ್ದಾರೆ. ಕೆಲಸ ನಡೆಯುತ್ತಿರುವಾಗಲೇ ಅವರನ್ನು ತಗಡಿನ ಮೇಲೆ ದಾಟಿಸಿ ಕೇಳಿದೆವು. "ಮೊದಲು ಇಲ್ಲಿ ಯಾರಾದರೂ ಹಿಂದಿನಿಂದ ನೂಕಬೇಕಿತ್ತು, ಈಗ ನಾನೇ ಬಂದೆ" ಎಂದರು. ತಂಡದ ಎಲ್ಲರಿಗೂ ಆ ಮಾತೇ ಕೂಲಿ.

ಮುಂದಿನ ಯೋಜನೆ ಈಗಲೇ ತಲೆಯಲ್ಲಿ ಸುತ್ತುತ್ತಿದೆ. ಮತ್ತೆ ಹಾಸಲಾಗದ ಹಳೆ ಚೂರುಗಳು ಹಿತ್ತಲಲ್ಲಿ ರಾಶಿ ಬಿದ್ದಿವೆ. ಫ್ರಾನ್ಸಿನ ಶಾರ್ತ್ರ್ ಕ್ಯಾಥೆಡ್ರಲಿನ ನೆಲದಲ್ಲಿ 13ನೇ ಶತಮಾನದ ಸುತ್ತುದಾರಿಯೊಂದಿದೆ: ಸುಮಾರು 13 ಮೀಟರ್ ವ್ಯಾಸ, 11 ಸುತ್ತು, ನಡೆದರೆ 260 ಮೀಟರ್ ಹತ್ತಿರ. ಚಕ್ರವ್ಯೂಹದ ಹಾಗೆ ಅದರಲ್ಲಿ ಸಿಕ್ಕಿಬೀಳುವ ಭಯವಿಲ್ಲ. ಕವಲಿಲ್ಲದ ಒಂದೇ ದಾರಿ ನಡುವಿಗೆ ಒಯ್ದು ಅದೇ ವಾಪಸ್ ತರುತ್ತದೆ. ಚರ್ಚಿನ ಅಂಗಳದ ಮರದಡಿ ಈ ಚೂರುಗಳಲ್ಲಿ ಅದರ ಸಣ್ಣ ರೂಪವೊಂದನ್ನು ಹಾಸಬೇಕೆಂದು ಆಸೆ. ಏಳು ಸುತ್ತಿಗೆ ಚೂರುಗಳು ಸಾಲಬಹುದು. ಫಾದರ್ ಬೇಡ ಎಂದಿಲ್ಲ. ಮರದ ಬೇರು ಹೇಗೆ ಸಂಭಾಳಿಸುವುದೆಂದು ಯೋಚಿಸುತ್ತಿದ್ದೇನೆ. ಅಲ್ಲಿ ಗಾರೆ ಬೇಡ, ಮರಳಿನ ಹಾಸೇ ಸರಿ ಅನ್ನಿಸುತ್ತಿದೆ.

ಅದಕ್ಕೂ ಮೊದಲು ಒಳಗೆ ಒಂದು ಕಲ್ಲು ಬಾಕಿ ಇದೆ. ಹೊಸ್ತಿಲಿನಿಂದ ಮೂರನೇ ಸಾಲಿನಲ್ಲಿ ಅಕ್ಷರ ಕೊರೆದ ಹಳೆಯ ಸ್ಮಾರಕ ಚಪ್ಪಡಿ. ಬರಹ ಅರ್ಧ ಅಳಿಸಿದೆ. ಟಾರ್ಚನ್ನು ನೆಲಕ್ಕೆ ತಾಗುವಷ್ಟು ಕೆಳಗೆ ಹಿಡಿದು ಓರೆ ಬೆಳಕಿನಲ್ಲಿ ಫೋಟೊ ತೆಗೆದಿಟ್ಟಿದ್ದೇವೆ. ಬಡಿದರೆ ಒಂದು ಮೂಲೆಯಲ್ಲಿ ಟೊಳ್ಳು ಸದ್ದು ಬರುತ್ತಿದೆ. ಅದನ್ನು ಎತ್ತದೆ, ಸಂದಿನಿಂದ ತೆಳು ಸುಣ್ಣದ ಗಾರೆ ಇಳಿಬಿಟ್ಟು ಟೊಳ್ಳು ತುಂಬಬಹುದೇ ಎಂಬುದು ಈಗಿನ ಚರ್ಚೆ. ಅಡಿಯಲ್ಲಿ ಸಮಾಧಿ ಇರಬಹುದಾದ್ದರಿಂದ ಅನುಮತಿ ಬರುವವರೆಗೆ ಹಾರೆ ಮುಟ್ಟುವುದಿಲ್ಲ. ಇಂಥ ಚಪ್ಪಡಿಯಡಿ ಗಾರೆ ಇಳಿಸಿದ ಅನುಭವ ನಿಮ್ಮಲ್ಲಿ ಯಾರಿಗಾದರೂ ಇದ್ದರೆ, ಎಷ್ಟು ತೆಳುವಾಗಿ ಕಲಸಿದಿರಿ, ಅದು ಅಡಿಯಲ್ಲಿ ಎಲ್ಲಿಯವರೆಗೆ ಹರಿಯಿತೆಂದು ಹೇಗೆ ತಿಳಿದುಕೊಂಡಿರಿ ಎಂದು ದಯವಿಟ್ಟು ಬರೆಯಿರಿ.