ಅಮ್ಮ ಕೊಟ್ಟ ಬಾರ್ಲಿ ಡಬ್ಬಿ

ಡಚ್ ಭಾಷೆಯಲ್ಲಿ ಕಿಡ್ನಿಗೆ ‘ನೀರ್’ ಅನ್ನುತ್ತಾರೆ. ಈ ಪದ ನಾನು ಕಲಿತದ್ದು 2022ರ ನವೆಂಬರಿನ ಒಂದು ರಾತ್ರಿ. 39.4 ಡಿಗ್ರಿ ಸೆಲ್ಸಿಯಸ್ ಜ್ವರ. ಹಲ್ಲು ಕಟಕಟ ಅನ್ನುವಷ್ಟು ನಡುಕ. ರಾತ್ರಿ ಹೊತ್ತು ತೆರೆದಿರುವ ಕ್ಲಿನಿಕ್ಕಿನಲ್ಲಿ ವೈದ್ಯೆ ನನ್ನ ಬೆನ್ನಿನ ಎಡಭಾಗವನ್ನು ಮೆಲ್ಲಗೆ ತಟ್ಟಿದರು. ನಾನು ಚೀರಿದೆ. ಅವರು ಪಕ್ಕದ ನರ್ಸಿಗೆ ‘ನೀರ್’ ಅಂದರು. ಅದನ್ನು ಕೇಳಿ ಇವರು, ನನ್ನ ಗಂಡ, ಗಾಬರಿಯಲ್ಲಿ ಲೋಟ ಹುಡುಕತೊಡಗಿದರು.

ನಾನು ತಿಪಟೂರಿನ ಕಡೆಯವಳು. 2018ರಲ್ಲಿ ನೆದರ್‌ಲ್ಯಾಂಡ್ಸ್‌ಗೆ ಬಂದೆವು. ಹೇಗ್ ನಗರದಲ್ಲಿ ಮನೆ. ನನಗೆ ಸೀಲಿಯಾಕ್ ಕಾಯಿಲೆ ಇದೆ. ಅದರ ಮೇಲೆ ಐದೇ ತಿಂಗಳಲ್ಲಿ ಮೂರು ಸಲ ಕಿಡ್ನಿಗೆ ಸೋಂಕು ಬಂತು. ಒಂದು ಕಾಯಿಲೆಗೆ ಅಂತ ಮಾಡಿಕೊಂಡ ಆರೈಕೆ ಇನ್ನೊಂದಕ್ಕೆ ಏಟು ಕೊಡುತ್ತಿತ್ತು. ಅದು ನನಗೆ ಅರ್ಥವಾಗುವ ಹೊತ್ತಿಗೆ ಅರ್ಧ ವರ್ಷ ಹೋಗಿತ್ತು. ಊರಲ್ಲಿ ಎರಡನ್ನೂ ಒಟ್ಟಿಗೆ ಅನುಭವಿಸುತ್ತಿರುವವರು ಯಾರಾದರೂ ಇದ್ದರೆ ಅವರಿಗೆ ಅಷ್ಟು ದಿನ ಹಿಡಿಯಬಾರದು. ಅದಕ್ಕೇ ಬರೆಯುತ್ತಿದ್ದೇನೆ.

ಸೀಲಿಯಾಕ್ ಅಂದರೆ ಅಲರ್ಜಿ ಅಲ್ಲ. ಗೋಧಿ, ಬಾರ್ಲಿ, ರೈ ಅನ್ನುವ ಧಾನ್ಯಗಳಲ್ಲಿ ಗ್ಲುಟನ್ ಅನ್ನುವ ಪ್ರೋಟೀನ್ ಇರುತ್ತದೆ. ಅದು ಒಳಗೆ ಹೋದರೆ ನಮ್ಮ ಮೈಯನ್ನು ಕಾಯಬೇಕಾದ ವ್ಯವಸ್ಥೆಯೇ ನಮ್ಮ ಸಣ್ಣ ಕರುಳಿನ ಮೇಲೆ ತಿರುಗಿ ಬೀಳುತ್ತದೆ. ಆಹಾರ ಹೀರಿಕೊಳ್ಳುವ ಪುಟ್ಟ ಪುಟ್ಟ ಎಳೆಗಳು ಸವೆದು ಚಪ್ಪಟೆಯಾಗುತ್ತವೆ. ತಿಂದದ್ದು ಮೈಗೆ ಹತ್ತುವುದಿಲ್ಲ. ಮಾತ್ರೆ ಇಲ್ಲ. ಗ್ಲುಟನ್ ಬಿಡಬೇಕು, ಜೀವನಪೂರ್ತಿ, ಚೂರೂ ಸೇರದ ಹಾಗೆ.

ಊರಲ್ಲಿದ್ದಾಗ ನನಗೆ ಇದರ ಸುಳಿವೇ ಸಿಗಲಿಲ್ಲ. ಮುದ್ದೆ, ಅನ್ನ, ದೋಸೆ ತಿಂದು ಬೆಳೆದವಳು. ಚಪಾತಿ ವಾರಕ್ಕೊಮ್ಮೆ. ಇಲ್ಲಿಗೆ ಬಂದ ಮೇಲೆ ಬೆಳಿಗ್ಗೆಯೂ ಬ್ರೆಡ್, ಮಧ್ಯಾಹ್ನವೂ ಬ್ರೆಡ್. ಎರಡು ವರ್ಷದಲ್ಲಿ ಮೆಟ್ಟಿಲು ಹತ್ತಿದರೆ ಏದುಸಿರು. ಹಿಮೋಗ್ಲೋಬಿನ್ ಇಲ್ಲಿನ ಲೆಕ್ಕದಲ್ಲಿ 5.2, ನಮ್ಮ ಊರಿನ ಲೆಕ್ಕದಲ್ಲಿ ಸುಮಾರು 8.4. 2021ರಲ್ಲಿ ರಕ್ತಪರೀಕ್ಷೆ, ಆಮೇಲೆ ಎಂಡೋಸ್ಕೋಪಿ ಮಾಡಿ ಸೀಲಿಯಾಕ್ ಅಂದರು. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಅನುಮಾನ ಬಂತು ಅಂತ ಪರೀಕ್ಷೆಗೆ ಮೊದಲೇ ಗೋಧಿ ಬಿಡಬೇಡಿ. ಬಿಟ್ಟರೆ ರಕ್ತದಲ್ಲೂ ಕರುಳಿನಲ್ಲೂ ಗುರುತು ಮಾಯವಾಗುತ್ತಾ ಹೋಗುತ್ತದೆ, ಕಾಯಿಲೆ ಇದ್ದರೂ ಇಲ್ಲ ಅಂತ ಬರಬಹುದು.

ಈ ಕಾಯಿಲೆಗೂ ಗೋಧಿಗೂ ಇರುವ ನಂಟನ್ನು ತೋರಿಸಿಕೊಟ್ಟವರು ವಿಲ್ಲೆಮ್ ಡಿಕೆ. ಅವರು ಇದೇ ಹೇಗ್‌ನ ಯುಲಿಯಾನಾ ಮಕ್ಕಳ ಆಸ್ಪತ್ರೆಯಲ್ಲಿ ವೈದ್ಯರಾಗಿದ್ದರು. 1944–45ರ ಚಳಿಗಾಲದಲ್ಲಿ ಯುದ್ಧದಿಂದಾಗಿ ಇಲ್ಲಿ ಭೀಕರ ಹಸಿವಿನ ಕಾಲ. ಬ್ರೆಡ್ ಸಿಗದೆ ಜನ ಟ್ಯೂಲಿಪ್ ಹೂವಿನ ಗೆಡ್ಡೆ ಬೇಯಿಸಿ ತಿಂದರು. ಊರೆಲ್ಲ ಸೊರಗುತ್ತಿದ್ದಾಗ ಸೀಲಿಯಾಕ್ ಇದ್ದ ಮಕ್ಕಳು ಚೇತರಿಸಿಕೊಂಡರು. ಬ್ರೆಡ್ ಮತ್ತೆ ಬಂದಾಗ ಮತ್ತೆ ಹಾಸಿಗೆ ಹಿಡಿದರು. ಡಿಕೆಯವರಿಗೆ ಅದಕ್ಕೂ ಮೊದಲೇ ಗೋಧಿಯ ಮೇಲೆ ಕಣ್ಣಿತ್ತು. 1950ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಇದರ ಮೇಲೆಯೇ ಪ್ರಬಂಧ ಬರೆದುಕೊಟ್ಟರು. ಆ ಆಸ್ಪತ್ರೆಯ ಹೆಸರು ಎಲ್ಲಿ ಕಂಡರೂ ನಾನು ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಈಗ ಕಿಡ್ನಿಯ ಕಥೆ. ಶುರುವಾದದ್ದು ಸಾದಾ ಉರಿಮೂತ್ರ ಅಂತ. ಫೋನಿನಲ್ಲಿ ಪ್ರಶ್ನೆ ಕೇಳಿ, ಮೂತ್ರ ಪರೀಕ್ಷೆ ಮಾಡಿ, ಐದು ದಿನಕ್ಕೆ ನೈಟ್ರೊಫ್ಯುರಾಂಟೊಯಿನ್ ಅನ್ನುವ ಆಂಟಿಬಯೋಟಿಕ್ ಕೊಟ್ಟರು. ಉರಿ ಕಡಿಮೆಯಾಯಿತು. ಸೊಂಟದ ಮೇಲೆ, ಎಡಗಡೆ ಒಂದು ಮಂದ ನೋವು ಮಾತ್ರ ಹೋಗಲಿಲ್ಲ. ತುಂಬಾ ಹೊತ್ತು ಕೂತದ್ದಕ್ಕೆ ಇರಬೇಕು ಅಂದುಕೊಂಡು ನಾನು ಅದನ್ನು ಯಾರಿಗೂ ಹೇಳಲಿಲ್ಲ. ಹೇಳಬೇಕಿತ್ತು. ಆ ಮಾತ್ರೆ ಮೂತ್ರಚೀಲದ ಸೋಂಕಿಗೆ ಒಳ್ಳೆಯದು, ಆದರೆ ಕಿಡ್ನಿಯ ಒಳಗೆ ಸಾಕಷ್ಟು ಇಳಿಯುವುದಿಲ್ಲ. ಚಳಿಜ್ವರ, ಪಕ್ಕೆಯ ಹಿಂದೆ ನೋವು, ವಾಂತಿ ಇದ್ದರೆ ಅದು ಬರೀ ಉರಿಮೂತ್ರ ಅಲ್ಲ. ಅಂಥ ಹೊತ್ತಿನಲ್ಲಿ ಎಳನೀರು, ಜೀರಿಗೆ ಕಷಾಯ ಅಂತ ದಿನ ದೂಡಬೇಡಿ. ಬಸುರಿಯರಂತೂ ಒಂದು ಗಂಟೆಯೂ ಕಾಯಬಾರದು.

ಆ ರಾತ್ರಿ ಮಾತ್ರೆ ಬದಲಾಯಿತು. ಏಳು ದಿನ ಸಿಪ್ರೊಫ್ಲಾಕ್ಸಾಸಿನ್. ಜ್ವರ ಇಳಿಯಿತು. ಜನವರಿಯಲ್ಲಿ ಮತ್ತೆ ಬಂತು. ಮೂತ್ರದ ಕಲ್ಚರ್, ಅಂದರೆ ಅದರಲ್ಲಿರುವ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ, ಮಾಡಿಸಿದರು. ಇ. ಕೋಲೈ ಅನ್ನುವ ಮಾಮೂಲಿ ಬ್ಯಾಕ್ಟೀರಿಯಾ, ಸಿಪ್ರೊಗೆ ಬಗ್ಗುವಂಥದ್ದೇ. ಮತ್ತೆ ಅದೇ ಮಾತ್ರೆ. ಮಾರ್ಚಿನಲ್ಲಿ ಮೂರನೇ ಸಲ. ಈ ಸಲ ಮೂರು ದಿನ ಆಸ್ಪತ್ರೆ, ಡ್ರಿಪ್. ಕಿಟಕಿಯಾಚೆ ಮಳೆ, ಗಾಳಿ. ಮಗಳಿಗೆ ಆಗ ನಾಲ್ಕು ವರ್ಷ. ವಿಡಿಯೋ ಕಾಲಿನಲ್ಲಿ ‘ಅಮ್ಮಾ ಯಾವಾಗ ಬರ್ತೀಯ?’ ಅಂತ ಕೇಳಿದಾಗ ಫೋನನ್ನು ಆಚೆ ತಿರುಗಿಸಿದೆ. ಬಗ್ಗುವ ಔಷಧಿ ತಿಂದರೂ ಯಾಕೆ ಹೋಗುತ್ತಿಲ್ಲ?

ಉತ್ತರದ ಮೊದಲ ತುಂಡು ಸಿಕ್ಕಿದ್ದು ಒಬ್ಬ ಔಷಧ ತಜ್ಞೆಯಿಂದ. ಬಿಡುಗಡೆಯ ದಿನ ಅವರು ಮಂಚದ ಪಕ್ಕ ಕೂತು ‘ಚೀಟಿ ಇಲ್ಲದೆ ತಿನ್ನುವುದು ಏನಾದರೂ ಇದೆಯಾ?’ ಅಂತ ಕೇಳಿದರು. ಇತ್ತು. ಊರಿಂದ ತಂದ ಕಬ್ಬಿಣದ ಮಾತ್ರೆ ಮತ್ತು ಕ್ಯಾಲ್ಸಿಯಂ. ಸೀಲಿಯಾಕ್‌ನಿಂದ ಎರಡೂ ಕಡಿಮೆಯಾಗಿದ್ದವು ಅಂತ ನೆನಪಿಟ್ಟುಕೊಂಡು ದಿನಾ ನುಂಗುತ್ತಿದ್ದೆ. ಸಿಪ್ರೊ ಜೊತೆಗೇ, ಒಂದೇ ಗುಟುಕಿನಲ್ಲಿ. ಕಬ್ಬಿಣ, ಕ್ಯಾಲ್ಸಿಯಂ ಎರಡೂ ಹೊಟ್ಟೆಯಲ್ಲೇ ಸಿಪ್ರೊವನ್ನು ಹಿಡಿದುಕೊಳ್ಳುತ್ತವೆ. ರಕ್ತಕ್ಕೆ ಸೇರುವ ಔಷಧಿ ತುಂಬಾ ಕಡಿಮೆಯಾಗುತ್ತದೆ. ಸಿಪ್ರೊವನ್ನು ಅವಕ್ಕಿಂತ 2 ಗಂಟೆ ಮೊದಲು, ಇಲ್ಲವೇ 4ರಿಂದ 6 ಗಂಟೆ ಆದ ಮೇಲೆ ತೆಗೆದುಕೊಳ್ಳಬೇಕಂತೆ. ಹಾಲು, ಮೊಸರಿನ ಜೊತೆಯೂ ಬೇಡ. ಇಲ್ಲಿಯ ಔಷಧಿ ಅಂಗಡಿಗಳಲ್ಲಿ ನಮ್ಮ ಮಾತ್ರೆಗಳ ಲೆಕ್ಕ ಕಂಪ್ಯೂಟರಿನಲ್ಲಿ ಇರುತ್ತದೆ. ಒಂದಕ್ಕೊಂದು ಆಗದಿದ್ದರೆ ಅವರೇ ತಡೆಯುತ್ತಾರೆ. ಸೂಟ್‌ಕೇಸಿನಲ್ಲಿ ಬಂದ ಮಾತ್ರೆ ಅವರ ಲೆಕ್ಕಕ್ಕೆ ಎಲ್ಲಿಂದ ಸಿಗಬೇಕು?

ಎರಡನೇ ತುಂಡು ಹೊಟ್ಟೆಯ ಕಡೆಯಿಂದ. ಆ ಚಳಿಗಾಲ ಪೂರ್ತಿ ನನಗೆ ಹೊಟ್ಟೆ ಉಬ್ಬರ, ಭೇದಿ, ಸುಸ್ತು. ಆಂಟಿಬಯೋಟಿಕ್ ಪರಿಣಾಮ ಅಂದುಕೊಂಡಿದ್ದೆ. ವರ್ಷದ ರಕ್ತಪರೀಕ್ಷೆಯಲ್ಲಿ ಸೀಲಿಯಾಕ್‌ನ ಅಂಕಿ ಮತ್ತೆ ಏರಿತ್ತು. ‘ಎಲ್ಲಿಂದಲೋ ಗ್ಲುಟನ್ ಹೋಗುತ್ತಿದೆ’ ಅಂದರು ಡಯಟಿಷಿಯನ್. ಮೂರು ದಿನ ತಿಂದದ್ದು ಕುಡಿದದ್ದು ಎಲ್ಲ ಬರೆದು ತರಲು ಹೇಳಿದರು. ಬರೆದುಕೊಂಡು ಹೋದೆ. ಅವರ ಬೆರಳು ಒಂದು ಸಾಲಿನ ಮೇಲೆ ನಿಂತಿತು. ‘ಬಾರ್ಲಿ ನೀರು, ದಿನಕ್ಕೆ ಎರಡು ಲೋಟ.’

ನವೆಂಬರಿನಲ್ಲಿ ಅಮ್ಮನಿಗೆ ಫೋನ್ ಮಾಡಿದ್ದೆ. ‘ಮೈ ಉಷ್ಣ ಆಗಿದೆ ಕಣೇ. ನಾನು ಕೊಟ್ಟ ಬಾರ್ಲಿ ಇದೆಯಲ್ಲ, ಬೇಯಿಸಿ ಅದರ ನೀರು ಕುಡಿ’ ಅಂದಿದ್ದಳು. ನಮ್ಮ ಕಡೆ ಉರಿಮೂತ್ರಕ್ಕೆ ಬಾರ್ಲಿ ನೀರು ಅಂದರೆ ಮರುಮಾತೇ ಇಲ್ಲ, ಅಲ್ವಾ? ನಾನೂ ಎರಡು ಸಲ ಯೋಚಿಸಲಿಲ್ಲ. ಇಲ್ಲಿ ಅಂಗಡಿಯಲ್ಲಿ ಪ್ರತಿ ಪೊಟ್ಟಣ ತಿರುಗಿಸಿ ‘ತಾರ್ವೆ’ ಅಂದರೆ ಗೋಧಿ, ‘ಖೆರ್ಸ್ಟ್’ ಅಂದರೆ ಬೇಡ, ‘ರೊಖೆ’ ಅಂದರೆ ಬೇಡ ಅಂತ ನೋಡಿಯೇ ಬುಟ್ಟಿಗೆ ಹಾಕುವವಳು ನಾನು. ಖೆರ್ಸ್ಟ್ ಅಂದರೆ ಅಮ್ಮನ ಡಬ್ಬಿಯಲ್ಲಿದ್ದ ಬಾರ್ಲಿ ಅಂತ ಮಾತ್ರ ಹೊಳೆದೇ ಇರಲಿಲ್ಲ. ಒಂದು ಪದ ಅಂಗಡಿಯಲ್ಲಿತ್ತು, ಇನ್ನೊಂದು ಅಡುಗೆಮನೆಯಲ್ಲಿತ್ತು. ಸೋಸಿದರೂ ಆ ನೀರಿನಲ್ಲಿ ಗ್ಲುಟನ್ ಇಳಿದಿರುತ್ತದೆ.

ಅಮ್ಮನಿಗೆ ಹೇಳಿದ ದಿನ ಅವಳು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ‘ನನ್ ಕೈಯಾರೆ ನಿಂಗೆ ವಿಷ ಕೊಟ್ನೇನೇ?’ ಅಂದಳು. ‘ಇಲ್ಲಮ್ಮ, ಬಾರ್ಲಿ ಬೇರೆಯವರಿಗೆ ಒಳ್ಳೇದೇ. ನನ್ನ ಕರುಳಿಗೆ ಆಗಲ್ಲ ಅಷ್ಟೇ’ ಅಂದೆ.

ಮೂರನೆಯದು ಕಲ್ಲು. ಏಪ್ರಿಲ್‌ನಲ್ಲಿ ಸ್ಕ್ಯಾನ್ ಮಾಡಿದಾಗ ಎಡ ಕಿಡ್ನಿಯಲ್ಲಿ 7 ಮಿಲಿಮೀಟರ್ ಕಲ್ಲು ಕಂಡಿತು. ಕಲ್ಲಿನ ಸಂದಿನಲ್ಲಿ ಬ್ಯಾಕ್ಟೀರಿಯಾ ಅಡಗಿ ಕೂತರೆ ಮಾತ್ರೆ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಮಾತ್ರೆ ನಿಂತ ಮೇಲೆ ಮತ್ತೆ ಹೊರಗೆ ಬರುತ್ತವೆ. 24 ಗಂಟೆಯ ಮೂತ್ರವನ್ನು ದೊಡ್ಡ ಕ್ಯಾನಿನಲ್ಲಿ ಹಿಡಿದು ಕೊಟ್ಟಾಗ ಆಕ್ಸಲೇಟ್ ಅನ್ನುವ, ಕಲ್ಲು ಕಟ್ಟಿಸುವ ವಸ್ತು ಜಾಸ್ತಿ ಬಂತು.

ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಎರಡು ಕಾಯಿಲೆಯೂ ಸೇರುವ ಜಾಗ ಇದು. ಊಟದಲ್ಲಿರುವ ಆಕ್ಸಲೇಟನ್ನು ಕರುಳಿನಲ್ಲೇ ಕ್ಯಾಲ್ಸಿಯಂ ಕಟ್ಟಿಹಾಕಿ ಮಲದಲ್ಲಿ ಹೊರಗೆ ಕಳಿಸುತ್ತದೆ. ಕರುಳು ಕೆಟ್ಟು ಕೊಬ್ಬು ಜೀರ್ಣವಾಗದಿದ್ದರೆ ಆ ಕೊಬ್ಬು ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ. ಆಕ್ಸಲೇಟ್ ಬಿಡುವಾಗಿ ರಕ್ತಕ್ಕೆ, ಅಲ್ಲಿಂದ ಕಿಡ್ನಿಗೆ ಹೋಗುತ್ತದೆ. ಭೇದಿಯಾಗಿ ಮೈಯಲ್ಲಿ ನೀರೂ ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಕಲ್ಲು ಕಟ್ಟುವುದು ಸುಲಭ. ನನ್ನ ಕಲ್ಲಿಗೆ ಇದೊಂದೇ ಕಾರಣ ಅಂತ ವೈದ್ಯರು ಹೇಳಲಿಲ್ಲ. ದಾರಿ ಮಾತ್ರ ಹೀಗಿರಬಹುದು ಅಂದರು. ಇನ್ನು ನನ್ನ ತಟ್ಟೆ. ರಕ್ತ ಕಡಿಮೆ ಅಂತ ದಿನಾ ಪಾಲಕ್, ಬೀಟ್‌ರೂಟ್. ಗೋಧಿ ಬಿಟ್ಟಿದ್ದೇನೆ ಅಂತ ಬಾದಾಮಿ ಹಿಟ್ಟಿನ ಬ್ರೆಡ್. ಮೂರಲ್ಲೂ ಆಕ್ಸಲೇಟ್ ತುಂಬಿದೆ. ನಮ್ಮ ರಾಗಿಯಲ್ಲೂ ಒಂದಿಷ್ಟು ಇದೆ.

ಕಲ್ಲು ಅಂದ ಕೂಡಲೇ ಹಾಲು ಮೊಸರು ಬಿಡಬೇಕು ಅಂತ ಊರಿನ ನೆಂಟರೆಲ್ಲ ಹೇಳಿದರು. ಡಯಟಿಷಿಯನ್ ಹೇಳಿದ್ದು ಅದರ ತಿರುಗುಮುರುಗು. ಊಟದ ಜೊತೆಯಲ್ಲೇ ಮೊಸರು ತಿನ್ನಿ, ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿಯಲಿ ಅಂದರು. ಹಾಗಾಗಿ ಮುದ್ದೆ ಬಿಟ್ಟಿಲ್ಲ. ವಾರಕ್ಕೆ ಎರಡು ಸಲ, ಜೊತೆಗೆ ದೊಡ್ಡ ಲೋಟ ಮಜ್ಜಿಗೆ. ಇದು ನನ್ನ ಕಲ್ಲಿಗೆ, ನನ್ನ ಪರೀಕ್ಷೆ ನೋಡಿ ಹೇಳಿದ್ದು. ಕಲ್ಲುಗಳಲ್ಲಿ ಬೇರೆ ಬೇರೆ ಜಾತಿ ಇವೆ. ನಿಮ್ಮದು ಯಾವುದು ಅಂತ ಕೇಳಿಕೊಳ್ಳಿ.

ಕಲ್ಲನ್ನು ಹೊರಗಿನಿಂದಲೇ ಶಬ್ದದ ಅಲೆ ಹೊಡೆದು ಪುಡಿ ಮಾಡಿದರು. ಎರಡು ಸಲ. ಆಮೇಲೆ ಮರಳು ಮರಳಾಗಿ ಹೋಯಿತು. ಆ ನೋವಿನ ಬಗ್ಗೆ ಬರೆಯುವುದಿಲ್ಲ.

ಅಡುಗೆಮನೆಯಲ್ಲಿ ಗ್ಲುಟನ್ ಎಲ್ಲೆಲ್ಲಿ ಅಡಗಿತ್ತು ಅಂತ ಹುಡುಕಿದಾಗ ಬಾರ್ಲಿ ಒಂದೇ ಅಲ್ಲ ಅಂತ ಗೊತ್ತಾಯಿತು. ಇಂಗು! ಅಂಗಡಿಯಲ್ಲಿ ಸಿಗುವ ಎಷ್ಟೋ ಇಂಗಿಗೆ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದೇ ಇರುತ್ತದೆ. ಅದೇ ಇಂಗು ಸಾರಿನ ಪುಡಿಗೆ, ಉಪ್ಪಿನಕಾಯಿಗೆ, ಚಟ್ನಿಪುಡಿಗೆ. ಈಗ ಅಕ್ಕಿ ಹಿಟ್ಟು ಬೆರೆಸಿದ ಇಂಗು ಹುಡುಕಿ ತರುತ್ತೇನೆ. ಊರಿನ ಫ್ಲೋರ್ ಮಿಲ್ಲಿನದು ಇನ್ನೊಂದು ತಾಪತ್ರಯ. ನಮ್ಮ ರಾಗಿಗೆ ಮುಂಚೆ ಯಾರದೋ ಗೋಧಿ ಬೀಸಿರುತ್ತಾರೆ. ಅಮ್ಮ ಈಗ ಮನೆಗೇ ಸಣ್ಣ ಮಿಷನ್ ತರಿಸಿದ್ದಾಳೆ. ಅದರಲ್ಲಿ ರಾಗಿ, ಅಕ್ಕಿ ಬಿಟ್ಟು ಬೇರೇನೂ ಹಾಕಲು ಯಾರಿಗೂ ಬಿಡುವುದಿಲ್ಲ.

ಇಲ್ಲಿ ಪೊಟ್ಟಣದ ಮೇಲೆ ಗ್ಲುಟನ್ ಇರುವ ಧಾನ್ಯದ ಹೆಸರನ್ನು ದಪ್ಪಕ್ಷರದಲ್ಲೋ ಬೇರೆ ರೀತಿಯಲ್ಲೋ ಎದ್ದು ಕಾಣುವಂತೆ ಮುದ್ರಿಸಬೇಕು. ಯುರೋಪಿನ ಕಾನೂನು. ಗ್ಲುಟನ್ ಇಲ್ಲ ಅಂತ ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಂ ಮೀರುವಂತಿಲ್ಲ. ಅಂಗಡಿ ಸುಲಭ, ಜನರ ಮನೆ ಕಷ್ಟ. ಸತ್ಯನಾರಾಯಣ ಪೂಜೆಗೆ ಕರೆದರೆ ಸಪಾದಭಕ್ಷ್ಯ ಗೋಧಿ ರವೆಯದು. ಪ್ರಸಾದ ಬೇಡ ಅನ್ನಲು ಬಾಯಿ ಬರುವುದಿಲ್ಲ. ಮೊದಮೊದಲು ಕೈಯಲ್ಲಿ ಹಿಡಿದು, ಯಾರೂ ನೋಡದಾಗ ಇವರಿಗೆ ದಾಟಿಸುತ್ತಿದ್ದೆ. ಒಮ್ಮೆ ಮನೆಯಾಕೆ ನೋಡಿಬಿಟ್ಟರು. ಅಳುತ್ತಾ ಎಲ್ಲ ಹೇಳಿದೆ. ಮುಂದಿನ ವರ್ಷ ಅವರು ನನಗೆ ಅಂತಲೇ ಬೇರೆ ಪಾತ್ರೆಯಲ್ಲಿ ಅಕ್ಕಿ ತರಿಯ ಪ್ರಸಾದ ಮಾಡಿ, ಮುಚ್ಚಳದ ಮೇಲೆ ನನ್ನ ಹೆಸರು ಬರೆದಿಟ್ಟಿದ್ದರು. ‘ದೇವರಿಗೆ ಎರಡೂ ನೈವೇದ್ಯ ಆಗಿದೆ, ತಿನ್ನಮ್ಮ’ ಅಂದರು.

ಆಫೀಸಿನ ವಿಷಯದಲ್ಲಿ ನಾನು ಪುಣ್ಯವಂತೆ. ಇಲ್ಲಿ ಕಾಯಿಲೆ ಬಿದ್ದರೆ ಎರಡು ವರ್ಷದ ತನಕ ಕನಿಷ್ಠ ಶೇಕಡಾ 70 ಸಂಬಳ ಕೊಡಬೇಕು. ಏನು ಕಾಯಿಲೆ ಅಂತ ಮ್ಯಾನೇಜರ್ ಕೇಳುವ ಹಾಗೂ ಇಲ್ಲ. ಊರಲ್ಲಿ ನನ್ನಂಥ ಎಷ್ಟು ಹೆಂಗಸರು ರಜೆ ಸಿಗದೆ, ಹೇಳಿಕೊಳ್ಳಲೂ ಆಗದೆ, ಜ್ವರದ ಮಾತ್ರೆ ನುಂಗಿ ಬಸ್ಸು ಹತ್ತುತ್ತಾರೆ ಅಂತ ಆಗಾಗ ಯೋಚನೆ ಬರುತ್ತದೆ. ಕೆಲಸದ ಕಡೆ ಸರಿಯಾದ ಶೌಚಾಲಯ ಇಲ್ಲ ಅಂತ ನೀರೇ ಕುಡಿಯದೆ ಇರುವವರು ನಮ್ಮ ಮನೆಯಲ್ಲೇ ಇದ್ದಾರೆ. ನನ್ನ ತಂಗಿಗೆ ಇದೊಂದು ಅಧ್ಯಯನದ ಬಗ್ಗೆ ಪದೇ ಪದೇ ಹೇಳುತ್ತೇನೆ. 2018ರಲ್ಲಿ ಪ್ರಕಟವಾದದ್ದು. ಮೂತ್ರಚೀಲದ ಸೋಂಕು ಮತ್ತೆ ಮತ್ತೆ ಬರುತ್ತಿದ್ದ, ನೀರು ಕಡಿಮೆ ಕುಡಿಯುತ್ತಿದ್ದ 140 ಮಹಿಳೆಯರು. ಅರ್ಧ ಜನ ದಿನಕ್ಕೆ ಒಂದೂವರೆ ಲೀಟರ್ ಹೆಚ್ಚು ಕುಡಿದರು. ವರ್ಷದಲ್ಲಿ ಅವರಿಗೆ ಸರಾಸರಿ 1.7 ಸಲ ಸೋಂಕು ಬಂತು, ಉಳಿದವರಿಗೆ 3.2 ಸಲ.

ಈಗ ನನ್ನ ಪರ್ಸಿನಲ್ಲಿ ಒಂದು ಚೀಟಿ ಇದೆ. ಒಂದು ಕಡೆ ಸೀಲಿಯಾಕ್, ಇನ್ನೊಂದು ಕಡೆ ಕಿಡ್ನಿ. ಹಿಂದಿನ ಕಲ್ಚರ್‌ಗಳ ದಿನಾಂಕ, ಯಾವ ಔಷಧಿ, ಎಷ್ಟು ದಿನ. ಕೆಳಗೆ ಊರಿಂದ ತಂದ ಮಾತ್ರೆ, ಕಷಾಯ, ಪುಡಿ ಎಲ್ಲವೂ. ಹೊಟ್ಟೆಯ ಡಾಕ್ಟರಿಗೂ ಕಿಡ್ನಿಯ ಡಾಕ್ಟರಿಗೂ ಅದೇ ಚೀಟಿ ತೋರಿಸುತ್ತೇನೆ. 2024ರಲ್ಲಿ ಒಮ್ಮೆ ಮೂತ್ರಚೀಲದ ಸೋಂಕು ಬಂತು, ಮೇಲೆ ಏರಲಿಲ್ಲ. ಆ ಮಾರ್ಚಿನ ನಂತರ ಕಿಡ್ನಿಗೆ ಬಂದಿಲ್ಲ.

ಬರುವ ತಿಂಗಳು ಮತ್ತೆ ಸ್ಕ್ಯಾನ್ ಇದೆ. ಹೊಸ ಕಲ್ಲು ಕಟ್ಟಿದೆಯೋ ಇಲ್ಲವೋ ಆಗ ಗೊತ್ತಾಗುತ್ತದೆ. ಅದೇ ವಾರ ಅಮ್ಮ ಬರುತ್ತಿದ್ದಾಳೆ. ನಿನ್ನೆ ಫೋನಿನಲ್ಲಿ ಏನೇನು ಕಟ್ಟಿಕೊಂಡಿದ್ದೇನೆ ಅಂತ ಒಂದೊಂದಾಗಿ ಓದಿ ಹೇಳಿದಳು. ಇಂಗಿನ ಡಬ್ಬಿಯ ಹಿಂದಿನ ಸಣ್ಣ ಅಕ್ಷರವನ್ನೂ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳು.