ಶಿವಮೊಗ್ಗದಿಂದ ತಿರುಪತಿಗೆ ವಿಮಾನ: ಗಾಳಿಯಲ್ಲಿ 48 ನಿಮಿಷ, ಮನೆಯಿಂದ ಬೆಟ್ಟಕ್ಕೆ ಐದೂವರೆ ಗಂಟೆ

ತಿರುಪತಿಗೆ ವಿಮಾನದಲ್ಲಿ ಎಷ್ಟು ಹೊತ್ತು ಅಂತ ನೆಂಟರೆಲ್ಲ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಟಿಕೆಟ್‌ನಲ್ಲಿ ಸುಮಾರು ಒಂದು ಗಂಟೆ ಅಂತ ಇತ್ತು. ನಾನು ವಾಚ್ ನೋಡಿಕೊಂಡೇ ಕೂತಿದ್ದೆ. ಚಕ್ರ ನೆಲ ಬಿಟ್ಟು ಮತ್ತೆ ನೆಲ ಮುಟ್ಟಲು ಬರೀ 48 ನಿಮಿಷ. ಉಳಿದದ್ದು ರನ್‌ವೇ ತನಕ ಉರುಳಿ ಹೋಗುವುದು, ಇಳಿದ ಮೇಲೆ ನಿಲ್ಲುವ ಜಾಗಕ್ಕೆ ಬರುವುದು, ಅಷ್ಟೇ.

ನೇರ ಗೆರೆ ಎಳೆದರೆ ದೂರ ಸುಮಾರು 425 ಕಿ.ಮೀ. ಎರಡೂ ಊರು ಹೆಚ್ಚುಕಮ್ಮಿ ಒಂದೇ ಅಕ್ಷಾಂಶದಲ್ಲಿವೆ, ಹಾಗಾಗಿ ಸೀದಾ ಪೂರ್ವಕ್ಕೆ ಹೋದರಾಯಿತು. ರಸ್ತೆಯಲ್ಲಿ ಬೆಂಗಳೂರಿನ ಮೇಲೆ ಹೋದರೆ 550 ಕಿ.ಮೀ., ಹತ್ತು-ಹನ್ನೊಂದು ಗಂಟೆ ಬೇಕು. ನಾವು ಹೋದದ್ದು 76 ಸೀಟಿನ ಎಂಬ್ರೇಯರ್‌ನಲ್ಲಿ. ಆ ಕಡೆ ಎರಡು, ಈ ಕಡೆ ಎರಡು ಸೀಟು. ಮಧ್ಯದ ಸೀಟಿನ ಕಾಟವೇ ಇಲ್ಲ.

ಆದರೆ 48 ನಿಮಿಷ ನಂಬಿ ಪ್ಲಾನ್ ಮಾಡಬೇಡಿ. ವಿಮಾನ ನಿಲ್ದಾಣ ಇರುವುದು ಊರ ಹೊರಗೆ, ಸೋಗಾನೆಯಲ್ಲಿ. ಕೌಂಟರ್ ಒಂದು ಗಂಟೆ ಮೊದಲೇ ಮುಚ್ಚುತ್ತದೆ, ಎರಡು ಗಂಟೆ ಮುಂಚೆ ಮನೆ ಬಿಟ್ಟರೂ ಎದೆ ಢವಢವ. ಇಳಿಯುವುದೂ ತಿರುಪತಿಯಲ್ಲಲ್ಲ, ರೇಣಿಗುಂಟದಲ್ಲಿ. ಅಲ್ಲಿಂದ ಟ್ಯಾಕ್ಸಿ, ಬೆಟ್ಟದ ಬುಡದ ಅಲಿಪಿರಿಯಲ್ಲಿ ಗಾಡಿ-ಬ್ಯಾಗು ತಪಾಸಣೆ, ಆಮೇಲೆ ಘಾಟ್ ರಸ್ತೆ. ನಮ್ಮನೆ ಬಾಗಿಲಿಂದ ತಿರುಮಲದ ರೂಮಿಗೆ ಐದೂವರೆ ಗಂಟೆ ಆಯಿತು. ಹಾಗಿದ್ದರೂ ಅರ್ಧ ದಿನ ಉಳಿಯಿತು, ಅಮ್ಮನ ಮಂಡಿಯೂ ಉಳಿಯಿತು.

ಅಮ್ಮನ ಬ್ಯಾಗಿನ ಕಥೆ ಹೇಳಲೇಬೇಕು. ದೇವರಿಗೆ ಅಂತ ನಾಲ್ಕು ಒಣ ಕೊಬ್ಬರಿ ಗಿಟುಕು ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟಿದ್ದರು. ಸ್ಕ್ಯಾನರ್ ಹತ್ತಿರ ಬ್ಯಾಗ್ ಬಿಚ್ಚಿಸಿದರು. ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ತಾನಾಗಿ ಬಿಸಿಯಾಗಿ ಬೆಂಕಿ ಹತ್ತಬಹುದಂತೆ, ಅದಕ್ಕೇ ಬಿಡುವುದಿಲ್ಲ. ಅಮ್ಮ ಒಂದೊಂದಾಗಿ ಎತ್ತಿ ಕೊಟ್ಟರು, ನಾಲ್ಕನೆಯದನ್ನು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದರು. ಸುಮ್ನೆ ಅಲ್ಲೇ ಹೋಗಿ ಕೊಳ್ಳಿ.

ಟಿಕೆಟ್ ವಿಷಯ. ಇದು ದಿನಾ ಹಾರುವ ಮಾರ್ಗ ಅಂತ ಅಂದುಕೊಳ್ಳಬೇಡಿ. ಸಣ್ಣ ಊರುಗಳಿಗೂ ವಿಮಾನ ಬರಲಿ ಅಂತ ಕೇಂದ್ರ ಸರ್ಕಾರ ಮಾಡಿದ ಉಡಾನ್ ಯೋಜನೆಯ ಇಂಥ ಮಾರ್ಗಗಳಲ್ಲಿ ವಾರದ ಕೆಲವು ದಿನ ಮಾತ್ರ ವಿಮಾನ ಇರುತ್ತದೆ. ಮಾರ್ಚ್ ಕೊನೆಗೆ, ಅಕ್ಟೋಬರ್ ಕೊನೆಗೆ ವೇಳಾಪಟ್ಟಿಯೂ ಬದಲಾಗುತ್ತದೆ. ಇತ್ತ 300 ರೂಪಾಯಿ ದರ್ಶನದ ಟಿಕೆಟ್ ಆನ್‌ಲೈನ್‌ನಲ್ಲಿ ತಿಂಗಳುಗಳ ಮುಂಚೆಯೇ ಖಾಲಿ. ಹಾಗಾಗಿ ವಿಮಾನ ಯಾವ ಯಾವ ದಿನ ಇದೆ ಅಂತ ಮೊದಲು ಬರೆದಿಟ್ಟುಕೊಂಡು, ಆ ದಿನಕ್ಕೆ ದರ್ಶನ ಸಿಕ್ಕ ಮೇಲಷ್ಟೇ ವಿಮಾನಕ್ಕೆ ದುಡ್ಡು ಕಟ್ಟಿ. ಉಲ್ಟಾ ಮಾಡಿ ನನ್ನ ಭಾವ ಕೈ ಸುಟ್ಟುಕೊಂಡಿದ್ದಾರೆ.

ವಾಪಸ್ ಬರುವ ದಿನಕ್ಕೆ ಮುಖ್ಯ ಕೆಲಸ ಯಾವುದೂ ಇಟ್ಟುಕೊಳ್ಳಬೇಡಿ. ಮಲೆನಾಡಿನ ಮಳೆ, ಚಳಿಗಾಲದ ಬೆಳಗಿನ ಮಂಜು ಗೊತ್ತಲ್ವಾ? ನಮ್ಮದೇ ಒಂದೂಮುಕ್ಕಾಲು ಗಂಟೆ ತಡವಾಯಿತು.

ಇನ್ನೊಂದು ಭಯ ಇತ್ತು. ಮುಡಿ ಕೊಟ್ಟಿದ್ದೆ, ಆಧಾರ್ ಫೋಟೋದಲ್ಲಿ ನೋಡಿದರೆ ತಲೆ ತುಂಬ ಗುಂಗುರು ಕೂದಲು. ರೇಣಿಗುಂಟದಲ್ಲಿ ಗೇಟಿನವರು ಕಾರ್ಡ್ ನೋಡಿದರು, ನನ್ನ ಬೋಳು ತಲೆ ನೋಡಿದರು, ಏನೂ ಕೇಳದೆ ಒಳಗೆ ಬಿಟ್ಟರು. ಸಾಲಿನಲ್ಲಿ ನನ್ನ ಹಿಂದೆ ಇನ್ನೂ ಆರು ಬೋಳು ತಲೆ ಇದ್ದವು.